ಅಳಿವೆಯ ತೇಲುಜೀವಿಗಳೂ ಮಳೆಯ ಚಕ್ರಗಳೂ

ಮದ್ದೂರು ತಾಲ್ಲೂಕಿನ ಆತಗೂರಿನಲ್ಲಿ ಒಂದು ಹದವಾದ ಮಳೆ ಸುರಿಯಿತೆಂದು ಭಾವಿಸೋಣ. ಆ ನೀರಿನ ಹೆಚ್ಚಿನ ಪಾಲನ್ನು ಹೊಲಗದ್ದೆಗಳ ಮಣ್ಣು ಕುಡಿದುಬಿಡುತ್ತದೆ. ಒಂದು ಪಾಲು ಕೆರೆಕಟ್ಟೆಗಳಲ್ಲಿ ನಿಲ್ಲುತ್ತದೆ. ಬಿಸಿಲಿಗೆ ಆವಿಯಾಗಿ ಹೋಗುವುದೂ ಉಂಟು. ಇವೆಲ್ಲವನ್ನೂ ಕಳೆದು ಉಳಿದ ನೀರು ಹಳ್ಳ ಹಿಡಿದು ಶಿಂಷಾ ನದಿಯನ್ನು ಸೇರುತ್ತದೆ. ಶಿಂಷೆ ಮಳವಳ್ಳಿಯ ಸೀಮೆಯತ್ತ ಹರಿದು ಮುಂದೆ ಕಾವೇರಿಯಲ್ಲಿ ಬೆರೆಯುತ್ತದೆ. ಕಾವೇರಿಯಾದರೋ ಮೆಟ್ಟೂರಿನ ಜಲಾಶಯವನ್ನು ಹಾಯ್ದು, ತಿರುಚಿನಾಪಳ್ಳಿಯ ಸಮೀಪದ ಮುಕ್ಕೊಂಬಿನಲ್ಲಿ ಎರಡಾಗಿ ಒಡೆಯುತ್ತದೆ. ಕಾವೇರಿ ಎಂಬ ಹೆಸರನ್ನೇ ಉಳಿಸಿಕೊಂಡ ಕವಲು ಪೂಂಪುಹಾರಿನಲ್ಲಿಯೂ, ಕೊಳ್ಳಿಡಂ ಎಂಬ ಕವಲು ಅದಕ್ಕೆ ಉತ್ತರದಲ್ಲಿ, ಪಿಚ್ಚಾವರಂ ಕಾಂಡ್ಲ ಕಾಡಿನ ದಕ್ಷಿಣಕ್ಕೂ ಬಂಗಾಳ ಕೊಲ್ಲಿಯನ್ನು ಕೂಡುತ್ತವೆ.

"ಸಮುದ್ರಕ್ಕೆ ಹರಿದ ನೀರು ವ್ಯರ್ಥವಾದ ನೀರು" ಎಂಬ ಮಾತನ್ನು ಕಾವೇರಿಯ ಬಯಲಿನಲ್ಲಿ ಕೇಳದವರಿಲ್ಲ. ಬತ್ತ ಕಬ್ಬುಗಳಿಗೆ ನೀರು ಸಾಲದೆ ನಾಲೆಯ ಕಡೆ ಕಣ್ಣಿಟ್ಟು ಕುಳಿತವನು ಹಾಗೆ ಹೇಳುವುದು ಸಹಜವೇ. ಆದರೆ ವಿಜ್ಞಾನದ ವಿದ್ಯಾರ್ಥಿಗಳಾದವರು ಯಾವ ಮಾತನ್ನೂ ಪರೀಕ್ಷಿಸದೆ ಒಪ್ಪಬಾರದು. ನದಿಯ ನೀರು ಕಡಲನ್ನು ಮುಟ್ಟುವ ಸ್ಥಳದಲ್ಲಿ ನಡೆಯುವುದೇನು? ಅಲ್ಲಿ ಆ ನೀರನ್ನು ಕಾದು ಕುಳಿತವರು ಯಾರಾದರೂ ಇದ್ದಾರೆಯೆ? ಒಂದು ವರ್ಷ ಮಳೆ ಹೆಚ್ಚಾಗಿ, ಇನ್ನೊಂದು ವರ್ಷ ಕಡಮೆಯಾದರೆ ಅವರ ಗತಿಯೇನು? ಇವನ್ನು ಈ ಲೇಖನದಲ್ಲಿ ವಿಚಾರಿಸೋಣ.

ಸಿಹಿನೀರೂ ಉಪ್ಪುನೀರೂ

ನದಿಯು ಸಮುದ್ರವನ್ನು ಸೇರುವ ಮುಖವನ್ನು ನಮ್ಮ ಕರಾವಳಿಯ ಜನ ಅಳಿವೆ ಎಂದು ಕರೆಯುತ್ತಾರೆ. ಅಳಿವೆಯು ಕೇವಲ ನದಿಯೂ ಅಲ್ಲ, ಕೇವಲ ಕಡಲೂ ಅಲ್ಲ. ಸಾಮಾನ್ಯ ಸಮುದ್ರಜಲದ ಒಂದು ಕಿಲೋಗ್ರಾಮಿನಲ್ಲಿ ಸುಮಾರು ೩೫ ಗ್ರಾಮ್ ಲವಣಗಳು ಕರಗಿರುತ್ತವೆ. ಈ ಕಾರಣದಿಂದ ಒಂದು ಲೀಟರ್ ಸಮುದ್ರಜಲವು ಸುಮಾರು ೧,೦೨೫ ಗ್ರಾಮ್ ತೂಗುತ್ತದೆ. ಅಷ್ಟೇ ಸಿಹಿನೀರು ತೂಗುವುದು ೧,೦೦೦ ಗ್ರಾಮ್ ಮಾತ್ರ. ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಅಳಿವೆಯ ಜೀವನವೆಲ್ಲ ಈ ಇಪ್ಪತ್ತೈದು ಗ್ರಾಮಿನ ಮೇಲೆ ನಿಂತಿದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಗಾಜಿನ ಲೋಟದಲ್ಲಿ ಅರ್ಧದಷ್ಟು ಉಪ್ಪುನೀರನ್ನು ತೆಗೆದುಕೊಂಡು, ಅದರ ಮೇಲೆ ಸ್ವಲ್ಪ ಮಸಿ ಬೆರೆಸಿದ ಸಿಹಿನೀರನ್ನು ಚಮಚದ ಬೆನ್ನಿನ ಮೇಲಿಂದ ಮೆಲ್ಲನೆ ಇಳಿಯಬಿಡಿ. ಬಣ್ಣದ ನೀರು ಮೇಲೆಯೇ ನಿಲ್ಲುವುದು. ಅಳಿವೆಯಲ್ಲಿಯೂ ಹೀಗೆಯೇ. ಹಗುರವಾದ ನದಿಯ ನೀರು ಮೇಲ್ಪದರದಲ್ಲಿ ಕಡಲಿನ ಕಡೆಗೆ ಸಾಗುತ್ತದೆ. ಭಾರವಾದ ಉಪ್ಪುನೀರು ತಳವನ್ನು ಹಿಡಿದು, ಬೆಣೆಯಂತೆ ನದಿಯೊಳಕ್ಕೆ ನುಗ್ಗುತ್ತದೆ. ದಿನಕ್ಕೆ ಎರಡು ಸಲ ಬರುವ ಉಬ್ಬರ ಇಳಿತಗಳು ಈ ಎರಡು ಪದರಗಳನ್ನು ಕಲಕುತ್ತಿರುತ್ತವೆ. ನದಿ ತುಂಬಿ ಬಂದಾಗ ಉಪ್ಪಿನ ಬೆಣೆ ಕಡಲಿಗೆ ತಳ್ಳಲ್ಪಡುತ್ತದೆ. ನದಿ ಸೊರಗಿದಾಗ ಅದು ಮೈಲಿಗಟ್ಟಲೆ ಒಳಕ್ಕೆ ಏರುತ್ತದೆ. ಅಂದಮೇಲೆ ಅಳಿವೆಯ ಯಾವುದೇ ಒಂದು ಸ್ಥಳದಲ್ಲಿ ನೀರು ಎಷ್ಟು ಉಪ್ಪಾಗಿದೆ ಎಂಬುದು ಮೇಲುನಾಡಿನಲ್ಲಿ ಬಿದ್ದ ಮಳೆಯ ದಿನಚರಿಯೇ ಸರಿ.

ತೇಲುವ ಸಂಸಾರ

ಈ ನೀರಿನಲ್ಲಿ, ಪ್ರವಾಹಕ್ಕೆ ಎದುರಾಗಿ ಈಜಲಾರದೆ, ಅದು ಒಯ್ದ ಕಡೆಗೆ ಹೋಗುವ ಜೀವಿಗಳು ಅಸಂಖ್ಯವಾಗಿವೆ. ಜರ್ಮನಿಯ ವಿಜ್ಞಾನಿ ವಿಕ್ಟರ್ ಹೆನ್ಸನ್ ೧೮೮೭ರಲ್ಲಿ ಇವಕ್ಕೆ 'ಪ್ಲಾಂಕ್ಟನ್' ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅಲೆಮಾರಿ ಎಂದು ಅದರ ಅರ್ಥ. ಕನ್ನಡದಲ್ಲಿ ಇವನ್ನು ಪ್ಲವಕಗಳು ಎನ್ನುತ್ತೇವೆ. ಬೆಳಕಿನ ನೆರವಿನಿಂದ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುವ ಸೂಕ್ಷ್ಮಸಸ್ಯಗಳು ಸಸ್ಯಪ್ಲವಕಗಳು. ಅವನ್ನು ಮೇಯ್ದು ಬದುಕುವ ಪುಟ್ಟ ಪ್ರಾಣಿಗಳು ಪ್ರಾಣಿಪ್ಲವಕಗಳು.

ಪ್ರಾಣಿಪ್ಲವಕಗಳಲ್ಲಿ ಎರಡು ಬಗೆ. ಹುಟ್ಟಿನಿಂದ ಸಾವಿನವರೆಗೆ ತೇಲುತ್ತಲೇ ಇರುವವು ಕೆಲವು. ಇವುಗಳಲ್ಲಿ ಮುಖ್ಯವಾದುವು ಕೋಪೆಪಾಡುಗಳು. ಸೀಗಡಿ ಏಡಿಗಳ ಬಳಗಕ್ಕೆ ಸೇರಿದ ಇವು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿರುತ್ತವೆ. ಮೊಟ್ಟೆಯಿಂದ ಹೊರಬಂದ ಮರಿ ಹನ್ನೊಂದು ಸಲ ಪೊರೆ ಕಳಚಿ ಪ್ರೌಢಾವಸ್ಥೆಗೆ ಬರುತ್ತದೆ. ಎರಡನೆಯ ಬಗೆಯವು ಬಾಲ್ಯದಲ್ಲಿ ಮಾತ್ರ ತೇಲುವ ಅತಿಥಿಗಳು: ಏಡಿ, ಸೀಗಡಿ, ಬಳಚು ಮೊದಲಾದುವುಗಳ ಡಿಂಭಗಳು ಮತ್ತು ಮೀನಿನ ಮೊಟ್ಟೆಮರಿಗಳು. ಮೀನಿನ ಮರಿಯ ಮೊದಲ ತುತ್ತು ಬಹುಮಟ್ಟಿಗೆ ಕೋಪೆಪಾಡಿನ ಮರಿಯೇ. ಆದ್ದರಿಂದ ಪ್ರಾಣಿಪ್ಲವಕಗಳ ಬೆಳೆ ಕೆಟ್ಟ ವರ್ಷ, ಮುಂದೆ ಬೆಸ್ತರ ಬಲೆಯೂ ಹಗುರವಾಗುವ ಸಂಭವವಿದೆ.

ಸಂಶೋಧಕರು ಇವನ್ನು ಹಿಡಿಯುವುದು ಬಹಳ ನವುರಾದ ನೈಲಾನ್ ಬಲೆಯಿಂದ. ಅದರ ಕಣ್ಣುಗಳು ಸಾಮಾನ್ಯವಾಗಿ ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟಿರುತ್ತವೆ. ಬಲೆಯ ಬಾಯಲ್ಲಿ ಹೂಡಿದ ಪುಟ್ಟ ಮಾಪಕವು ಎಷ್ಟು ನೀರು ಹಾದುಹೋಯಿತೆಂಬುದನ್ನು ಹೇಳುತ್ತದೆ. ಸಿಕ್ಕ ಜೀವಿಗಳನ್ನು ಫಾರ್ಮಲಿನ್ ದ್ರಾವಣದಲ್ಲಿ ಕೆಡದಂತೆ ಇಟ್ಟು, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಎಣಿಸುತ್ತಾರೆ. ತಿಂಗಳು ತಿಂಗಳೂ, ವರ್ಷ ವರ್ಷವೂ ಬಿಡದೆ ನಡೆಸಬೇಕಾದ ಕೆಲಸವಿದು.

ಕೊಚ್ಚಿಹೋಗದೆ ಉಳಿಯುವ ಲೆಕ್ಕ

ಈಜಲಾರದ ಜೀವಿಯು ಹರಿಯುವ ನೀರಿನಲ್ಲಿ ನೆಲೆಸಿರುವುದು ಹೇಗೆ? ಇದು ಜೀವವಿಜ್ಞಾನದ ಪ್ರಶ್ನೆಯಂತೆ ಕಂಡರೂ ಉತ್ತರದ ಅರ್ಧ ಭಾಗ ಅಂಕಗಣಿತದಲ್ಲಿದೆ. ಒಂದು ಟಿ.ಎಂ.ಸಿ., ಅಂದರೆ ನೂರು ಕೋಟಿ ಘನ ಅಡಿ ನೀರನ್ನು ಹಿಡಿಯುವ ಅಳಿವೆಯೊಂದನ್ನು ಕಲ್ಪಿಸಿಕೊಳ್ಳೋಣ. ಬೇಸಗೆಯಲ್ಲಿ ನದಿಯಿಂದ ೫೦೦ ಕ್ಯುಸೆಕ್, ಎಂದರೆ ಸೆಕೆಂಡಿಗೆ ೫೦೦ ಘನ ಅಡಿ ನೀರು ಬರುತ್ತಿದ್ದರೆ ಅಳಿವೆಯ ನೀರೆಲ್ಲ ಬದಲಾಗಲು ೨೦ ಲಕ್ಷ ಸೆಕೆಂಡುಗಳು, ಅಂದರೆ ಸುಮಾರು ೨೩ ದಿನಗಳು ಬೇಕು. ಪ್ರವಾಹಕಾಲದಲ್ಲಿ ಒಂದು ಲಕ್ಷ ಕ್ಯುಸೆಕ್ ಬಂದರೆ ೧೦,೦೦೦ ಸೆಕೆಂಡು ಸಾಕು. ಅದು ಮೂರು ಗಂಟೆಗಳೂ ಅಲ್ಲ! ಉಬ್ಬರ ಇಳಿತಗಳ ಕೆಲಸವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಆದರೂ ತಾತ್ಪರ್ಯ ಸ್ಪಷ್ಟವಾಗಿದೆ.

ನಮ್ಮ ಬೆಚ್ಚನೆಯ ನೀರಿನಲ್ಲಿ ಕೋಪೆಪಾಡು ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಬರಲು ಸುಮಾರು ಎರಡು ವಾರ ಬೇಕು. ನೀರು ೨೩ ದಿನ ನಿಲ್ಲುವ ಅಳಿವೆಯಲ್ಲಿ ಒಂದು ತಲೆಮಾರು ಬೆಳೆದು, ಮೊಟ್ಟೆಯಿಟ್ಟು, ತನ್ನ ನಷ್ಟವನ್ನು ತುಂಬಿಕೊಳ್ಳಬಹುದು. ನೀರು ಮೂರು ಗಂಟೆಯಲ್ಲಿ ಖಾಲಿಯಾಗುವ ಅಳಿವೆಯಲ್ಲಿ ಅದು ಸಾಧ್ಯವೇ ಇಲ್ಲ. ಹುಟ್ಟಿದ್ದೆಲ್ಲ ಕಡಲಿಗೆ ಕೊಚ್ಚಿಹೋಗುತ್ತದೆ.

ಆದರೆ ಈ ಅಲೆಮಾರಿಗಳು ತೀರ ನಿಸ್ಸಹಾಯಕವೇನಲ್ಲ. ಅಡ್ಡಡ್ಡ ಈಜಲಾರದಿದ್ದರೂ ಮೇಲಕ್ಕೂ ಕೆಳಕ್ಕೂ ಚಲಿಸುವ ಶಕ್ತಿ ಅವಕ್ಕುಂಟು. ಅಳಿವೆಯ ಮೇಲ್ಪದರ ಕಡಲಿಗೂ ಕೆಳಪದರ ಒಳನಾಡಿಗೂ ಹರಿಯುವುದನ್ನು ಆಗಲೇ ಕಂಡಿದ್ದೇವೆ. ಇಳಿತದ ವೇಳೆಯಲ್ಲಿ ತಳಕ್ಕೆ ಇಳಿದು, ಉಬ್ಬರದ ವೇಳೆಯಲ್ಲಿ ಮೇಲಕ್ಕೆ ಏರುವ ಜೀವಿಯು ಹೊರಹೋಗುವ ಬಂಡಿಯನ್ನು ಬಿಟ್ಟು ಒಳಬರುವ ಬಂಡಿಯನ್ನು ಹತ್ತಿದಂತೆ. ಅಕಾರ್ಟಿಯ ಜಾತಿಯ ಕೆಲವು ಕೋಪೆಪಾಡುಗಳು ಇನ್ನೂ ಒಂದು ಉಪಾಯವನ್ನು ಬಲ್ಲವು. ಕೆಟ್ಟ ಕಾಲದಲ್ಲಿ ಅವು ಇಡುವ ಮೊಟ್ಟೆಗಳು ಒಡನೆ ಒಡೆಯದೆ ಕೆಸರಿನಲ್ಲಿ ಮಲಗಿದ್ದು, ಅನುಕೂಲ ಕಾಲ ಬಂದಾಗ ಮರಿಯಾಗುತ್ತವೆ. ರೈತ ಬಿತ್ತನೆಯ ಬೀಜವನ್ನು ಮುಂದಿನ ಮಳೆಗೆ ಕಾದಿಡುವುದಿಲ್ಲವೆ, ಹಾಗೆ.

ಕೊಚ್ಚಿಹೋಗುವ ಭಯದೊಡನೆ ಉಪ್ಪಿನ ಭಯವೂ ಇದೆ. ಅಭಿಸರಣೆಯ ನಿಯಮದಂತೆ, ಕಡಲಿನ ಜೀವಿಯನ್ನು ಸಿಹಿನೀರಿಗೆ ಹಾಕಿದರೆ ನೀರು ಅದರ ದೇಹದೊಳಕ್ಕೆ ನುಗ್ಗುತ್ತದೆ. ಸಿಹಿನೀರಿನ ಜೀವಿಯನ್ನು ಕಡಲಿಗೆ ಹಾಕಿದರೆ ಅದರ ದೇಹದ ನೀರೇ ಹೊರಕ್ಕೆ ಹೋಗುತ್ತದೆ. ಈ ಎರಡನ್ನೂ ತಾಳಿಕೊಳ್ಳಬಲ್ಲ ಜಾತಿಗಳು ಕೆಲವೇ. ಆದ್ದರಿಂದ ನೀರಿನ ಉಪ್ಪು ಬದಲಾದಂತೆಲ್ಲ ಅಳಿವೆಯ ನಿವಾಸಿಗಳೂ ಬದಲಾಗುತ್ತಾರೆ.

ವರ್ಷದ ಚಕ್ರ: ಎರಡು ಕರಾವಳಿಗಳು

ಮಂಗಳೂರಿನಲ್ಲಿ ನೇತ್ರಾವತಿಯೂ ಗುರುಪುರ ನದಿಯೂ ಕೂಡಿ ಕಡಲನ್ನು ಸೇರುವ ಅಳಿವೆಯನ್ನು ನೋಡಿ. ಅಲ್ಲಿ ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುತ್ತದೆ; ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿಯೇ. ಮುಂಗಾರಿನ ಭರದಲ್ಲಿ ಅಳಿವೆ ಬಹುಮಟ್ಟಿಗೆ ಸಿಹಿನೀರಾಗಿಬಿಡುತ್ತದೆ. ಆಗ ಬಲೆಗೆ ಬೀಳುವುವು ನೀರುಚಿಗಟಗಳು, ಚಕ್ರಜೀವಿಗಳು, ಡಯಾಪ್ಟೊಮಸ್ ಬಳಗದ ಕೋಪೆಪಾಡುಗಳು ಮುಂತಾದ ಕೆರೆಹೊಳೆಗಳ ಜೀವಿಗಳು. ಒಟ್ಟು ಸಂಖ್ಯೆಯೂ ಕಡಮೆ. ಅಕ್ಟೋಬರಿನ ತರುವಾಯ ಉಪ್ಪು ಮರಳಿ ಬರುತ್ತದೆ. ಸಾಧಾರಣ ಉಪ್ಪನ್ನು ಮೆಚ್ಚುವ ಅಕಾರ್ಟಿಯ, ಸ್ಯೂಡೊಡಯಾಪ್ಟೊಮಸ್ ಜಾತಿಗಳು ಮೊದಲು ನೆಲೆಗೊಳ್ಳುತ್ತವೆ. ಏಪ್ರಿಲ್ ಮೇ ತಿಂಗಳ ಹೊತ್ತಿಗೆ ಪ್ಯಾರಕೆಲನಸ್ ಮುಂತಾದ ಅಪ್ಪಟ ಕಡಲಿನ ಕೋಪೆಪಾಡುಗಳೂ, ಗಾಜಿನ ಸೂಜಿಯಂತಹ ಬಾಣಹುಳುಗಳೂ, ಪುಟ್ಟ ಲೋಳೆಮೀನುಗಳೂ ಒಳಕ್ಕೆ ಬರುತ್ತವೆ. ಮತ್ತೆ ಜೂನಿನಲ್ಲಿ ಎಲ್ಲವೂ ತೊಳೆದುಹೋಗುತ್ತದೆ.

ಹಾಗಾದರೆ ಪ್ರವಾಹವು ಶತ್ರುವೇ? ಅಲ್ಲ. ತೊಳೆದುಕೊಂಡು ಹೋಗುವ ನೀರೇ ಮೇಲುನಾಡಿನಿಂದ ನೈಟ್ರೇಟು, ಫಾಸ್ಫೇಟು, ಸಿಲಿಕೇಟುಗಳನ್ನು ಹೊತ್ತು ತರುತ್ತದೆ. ನೀರು ಕೆಂಪಾಗಿರುವತನಕ ಬೆಳಕು ಒಳಗೆ ಇಳಿಯದು. ಹೂಳು ತಳಕ್ಕೆ ಇಳಿದು ನೀರು ತಿಳಿಯಾದ ಮೇಲೆ ಈ ಗೊಬ್ಬರವನ್ನು ಉಂಡು ಸಸ್ಯಪ್ಲವಕಗಳು ಕೊಬ್ಬುತ್ತವೆ. ಅವುಗಳ ಹಿಂದೆಯೇ ಕೋಪೆಪಾಡುಗಳ ಸುಗ್ಗಿ. ಮಳೆಗಾಲದ ಹಾನಿಯೂ ಮಳೆಯ ನಂತರದ ಸಮೃದ್ಧಿಯೂ ಒಂದೇ ನಾಣ್ಯದ ಬೇರೆ ಬೇರೆ ಮುಖಗಳಲ್ಲ; ಒಂದು ಇನ್ನೊಂದರ ಕಾರಣವೇ ಆಗಿದೆ.

ಈಗ ಪೂರ್ವ ಕರಾವಳಿಗೆ ಹೋಗೋಣ. ಅಲ್ಲಿ ಪಂಚಾಂಗವೇ ಬೇರೆ. ಕಾವೇರಿಗೆ ಕೊಡಗಿನಲ್ಲಿ ನೀರು ತುಂಬುವುದು ಮುಂಗಾರಿನಲ್ಲಾದರೂ, ಅದರ ಮುಖದಲ್ಲಿ ಮಳೆ ಸುರಿಯುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಈಶಾನ್ಯ ಮಾರುತದಿಂದ. ನಡುವೆ ಇರುವ ಮಂಡ್ಯ ಜಿಲ್ಲೆಯಾದರೋ ವರ್ಷಕ್ಕೆ ಸುಮಾರು ೭೦೦ ಮಿಲಿಮೀಟರ್ ಮಳೆಯಲ್ಲಿ ದೊಡ್ಡ ಪಾಲನ್ನು ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಪಡೆಯುತ್ತದೆ. ಕೊಳ್ಳಿಡಂ ಮುಖಕ್ಕೆ ಹತ್ತಿರದ ಪರಂಗಿಪೇಟೆಯಲ್ಲಿ ವೆಳ್ಳಾರ್ ನದಿಯ ಅಳಿವೆಯಿದೆ. ಅಣ್ಣಾಮಲೈ ವಿಶ್ವವಿದ್ಯಾನಿಲಯದ ಸಮುದ್ರಜೀವವಿಜ್ಞಾನ ಕೇಂದ್ರ ಅದರ ದಡದಲ್ಲಿಯೇ ಇರುವುದರಿಂದ ದೇಶದ ಅತ್ಯಂತ ಹೆಚ್ಚು ಅಧ್ಯಯನಕ್ಕೆ ಒಳಗಾದ ಅಳಿವೆಗಳಲ್ಲಿ ಅದೂ ಒಂದು. ಅಲ್ಲಿ ಪ್ರಾಣಿಪ್ಲವಕಗಳು ಅತಿ ಕಡಮೆಯಾಗುವುದು ಈಶಾನ್ಯ ಮಾರುತದ ತಿಂಗಳುಗಳಲ್ಲಿ, ಹೆಚ್ಚಾಗುವುದು ಬೇಸಗೆಯಲ್ಲಿ. ಜುಲೈ ತಿಂಗಳಲ್ಲಿ ಮಂಗಳೂರಿನ ಅಳಿವೆ ಸಿಹಿಯಾಗಿದ್ದಾಗ ಪರಂಗಿಪೇಟೆಯದು ಉಪ್ಪಾಗಿರುತ್ತದೆ. ನಿಯಮ ಒಂದೇ, ತಿಂಗಳು ಬೇರೆ.

ಹಲವು ವರ್ಷಗಳ ಚಕ್ರ

ವರ್ಷದ ಈ ಚಕ್ರದ ಮೇಲೆ ಇನ್ನೊಂದು ನಿಧಾನವಾದ ಚಕ್ರ ಉರುಳುತ್ತಿದೆ. ೧೯೦೪ರಲ್ಲಿ ಭಾರತದ ವೀಕ್ಷಣಾಲಯಗಳ ಮುಖ್ಯಾಧಿಕಾರಿಯಾಗಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್ ನಮ್ಮ ಮುಂಗಾರನ್ನು ಮುಂಗಾಣುವ ದಾರಿಯನ್ನು ಹುಡುಕುತ್ತ, ಶಾಂತಸಾಗರದ ಪೂರ್ವ ಭಾಗದಲ್ಲಿ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಅದು ಇಳಿಯುವುದನ್ನೂ, ಅಲ್ಲಿ ಇಳಿದಾಗ ಇಲ್ಲಿ ಏರುವುದನ್ನೂ ಗುರುತಿಸಿದನು. ಏತದ ಮರದಂತಹ ಈ ತೂಗಾಟಕ್ಕೆ ೧೯೨೦ರ ದಶಕದಲ್ಲಿ ದಕ್ಷಿಣ ಆಂದೋಲನ ಎಂದು ಹೆಸರಿಟ್ಟನು. ಪೆರು ದೇಶದ ಕರಾವಳಿಯ ನೀರು ಕೆಲವು ವರ್ಷಗಳಿಗೊಮ್ಮೆ ಕಾವೇರುವ 'ಎಲ್ ನಿನೊ' ಎಂಬ ವಿದ್ಯಮಾನವೂ ಇದೂ ಒಂದೇ ಯಂತ್ರದ ಎರಡು ಗಾಲಿಗಳೆಂಬುದನ್ನು ಜೇಕಬ್ ಬ್ಯರ್ಕ್ನೆಸ್ ೧೯೬೯ರಲ್ಲಿ ತೋರಿಸಿದನು.

ಎರಡರಿಂದ ಏಳು ವರ್ಷಗಳಿಗೊಮ್ಮೆ ಬರುವ ಎಲ್ ನಿನೊ ಕಾಲದಲ್ಲಿ ಶಾಂತಸಾಗರದ ಬೆಚ್ಚನೆಯ ನೀರಿನ ರಾಶಿ ಪೂರ್ವಕ್ಕೆ ಸರಿಯುತ್ತದೆ. ಗಾಳಿ ಮೇಲೇರಿ ಮಳೆ ಸುರಿಸುವ ತಾಣವೂ ಅದರೊಡನೆ ಸರಿಯುತ್ತದೆ. ನಮ್ಮ ಕಡೆ ಗಾಳಿ ಕೆಳಗಿಳಿಯುವ ಪ್ರವೃತ್ತಿ ಹೆಚ್ಚಿ, ಮುಂಗಾರು ಕುಗ್ಗುತ್ತದೆ. ೨೦೦೨ರಲ್ಲಿ ದೇಶದ ಮುಂಗಾರು ಮಳೆ ಸರಾಸರಿಯ ಶೇಕಡ ೮೧ರಷ್ಟಕ್ಕೂ, ೨೦೦೯ರಲ್ಲಿ ಶೇಕಡ ೭೮ರಷ್ಟಕ್ಕೂ ಇಳಿಯಿತು. ಇವೆರಡೂ ಎಲ್ ನಿನೊ ವರ್ಷಗಳು. ಆದರೆ ೧೯೯೭ರಲ್ಲಿ ಪ್ರಬಲವಾದ ಎಲ್ ನಿನೊ ಇದ್ದರೂ ಮುಂಗಾರು ಕೈಕೊಡಲಿಲ್ಲ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗೂ ಪೂರ್ವ ಭಾಗ ತಣ್ಣಗೂ ಆಗುವ ಬೇರೊಂದು ತೂಗಾಟ ಆ ವರ್ಷ ನೆರವಿಗೆ ಬಂದಿತ್ತು. ಈ ದ್ವಿಧ್ರುವ ಆಂದೋಲನವನ್ನು ವಿಜ್ಞಾನಿಗಳು ೧೯೯೯ರಲ್ಲಿ ವಿವರಿಸಿದರು.

ಅಳಿವೆಯ ಮೇಲೆ ಇದರ ಪರಿಣಾಮವನ್ನು ಈಗ ನಾವೇ ಊಹಿಸಬಹುದು. ಮಳೆ ಕುಗ್ಗಿದ ವರ್ಷ ಉಪ್ಪಿನ ಬೆಣೆ ಬೇಗ ಮರಳುತ್ತದೆ, ದೂರ ಏರುತ್ತದೆ. ಕಡಲಿನ ಜಾತಿಗಳು ಒಳನಾಡಿಗೆ ನುಗ್ಗುತ್ತವೆ, ಸಿಹಿನೀರಿನವು ಹಿಮ್ಮೆಟ್ಟುತ್ತವೆ. ನೀರು ಬಹುಕಾಲ ನಿಲ್ಲುವುದರಿಂದ ಕೊಚ್ಚಿಹೋಗುವ ಭಯ ಕಡಮೆ. ಆದರೆ ಗೊಬ್ಬರದ ಸರಬರಾಜೂ ಕಡಮೆ. ಊಹೆಗೆ ಸಾಕ್ಷ್ಯವೂ ಉಂಟು. ಪೋರ್ಚುಗಲ್ ದೇಶದ ಮೊಂಡೆಗೊ ಅಳಿವೆಯಲ್ಲಿ ೨೦೦೪-೦೫ರ ಬರಗಾಲದಲ್ಲಿ ನದಿ ಸೊರಗಿದಾಗ ಕಡಲಿನ ಕೋಪೆಪಾಡುಗಳು ಮೇಲಕ್ಕೆ ಸಾಗಿ, ಸಿಹಿನೀರಿನ ಜಾತಿಗಳ ನೆಲೆಯನ್ನು ಆಕ್ರಮಿಸಿದುವು. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ವಸಂತಕಾಲದ ಹೊಳೆಗಳು ತುಂಬಿ ಬಂದ ವರ್ಷಗಳಲ್ಲಿ ಯೂರಿಟೆಮೊರ ಎಂಬ ಕೋಪೆಪಾಡು ಸಮೃದ್ಧವಾಗುತ್ತದೆ. ಅದನ್ನು ತಿಂದು ಬೆಳೆಯುವ ಪಟ್ಟೆಮೀನಿನ ಮರಿಗಳಿಗೂ ಅದು ಸುಭಿಕ್ಷದ ವರ್ಷವಾಗುತ್ತದೆ.

ಕಾವೇರಿಯ ವಿಷಯದಲ್ಲಿ ಒಂದು ವಿಚಿತ್ರವಿದೆ. ಮುಂಗಾರನ್ನು ಕುಗ್ಗಿಸುವ ಅದೇ ಎಲ್ ನಿನೊ, ತಮಿಳುನಾಡಿನ ಈಶಾನ್ಯ ಮಾರುತವನ್ನು ಸಾಮಾನ್ಯವಾಗಿ ಹೆಚ್ಚಿಸುತ್ತದೆ. ೨೦೧೫ರಲ್ಲಿ ಹೀಗೆಯೇ ಆಯಿತು: ದೇಶದ ಮುಂಗಾರು ಸರಾಸರಿಯ ಶೇಕಡ ೮೬ರಷ್ಟಕ್ಕೆ ಇಳಿದರೆ, ಡಿಸೆಂಬರಿನ ಮೊದಲಲ್ಲಿ ಚೆನ್ನೈ ನಗರ ಮಳೆಯಲ್ಲಿ ಮುಳುಗಿತು. ಮರುವರ್ಷ ಎಲ್ ನಿನೊ ಮುಗಿದಿತ್ತು; ಆಗ ಈಶಾನ್ಯ ಮಾರುತ ತೀರ ಕೈಬಿಟ್ಟಿತು. ಹೀಗಿರುವುದರಿಂದ ಮಂಡ್ಯದ ರೈತನಿಗೆ ಬರಗಾಲವಾದ ವರ್ಷವೇ ಕಾವೇರಿಯ ಮುಖದ ಪ್ಲವಕಗಳಿಗೆ ಸಿಹಿನೀರಿನ ಪ್ರವಾಹ ಬರಬಹುದು. ನದಿಯ ತಲೆಗೂ ಬಾಲಕ್ಕೂ ಬೇರೆ ಬೇರೆ ಆಕಾಶಗಳು!

ಈ ಚಕ್ರಗಳ ಅಡಿಯಲ್ಲಿ ನೆಲವೇ ಮೆಲ್ಲನೆ ಏರುತ್ತಿರುವುದನ್ನೂ ಮರೆಯಬಾರದು. ೧೯೫೦ರಿಂದ ೨೦೨೦ರವರೆಗೆ ಹಿಂದೂ ಮಹಾಸಾಗರದ ಮೇಲ್ಮೈ ಶತಮಾನಕ್ಕೆ ಸುಮಾರು ೧.೨ ಡಿಗ್ರಿ ಸೆಲ್ಸಿಯಸ್‌ನ ವೇಗದಲ್ಲಿ ಬೆಚ್ಚಗಾಗಿದೆ. ಕಡಲ ಮಟ್ಟ ಏರಿದಂತೆ ಉಪ್ಪಿನ ಬೆಣೆಯೂ ಒಳಕ್ಕೆ ಏರುತ್ತದೆ. ತೂಗಾಡುವ ಲೋಲಕವನ್ನು ಹಿಡಿದು ಯಾರೋ ಅದರ ಗೂಟವನ್ನೇ ಸರಿಸುತ್ತಿರುವಂತೆ ಇದು.

ಮನುಷ್ಯನು ಚಕ್ರವನ್ನು ನಿಲ್ಲಿಸಿದಾಗ

ಪ್ರಕೃತಿಯ ಏರಿಳಿತಗಳಿಗೆ ಅಳಿವೆಯ ಜೀವಿಗಳು ಹೊಂದಿಕೊಂಡಿವೆ. ಏರಿಳಿತವೇ ಇಲ್ಲದಂತಾದರೆ? ಇದಕ್ಕೆ ಉತ್ತರ ಉತ್ತರ ಕನ್ನಡ ಜಿಲ್ಲೆಯಲ್ಲಿ ದೊರೆಯುತ್ತದೆ. ಅಲ್ಲಿ ಅಘನಾಶಿನಿ ಮತ್ತು ಶರಾವತಿ ನದಿಗಳು ನೆರೆಹೊರೆಯಲ್ಲಿ ಕಡಲನ್ನು ಸೇರುತ್ತವೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟೆಯಿಲ್ಲ. ಅದರ ಅಳಿವೆ ಮಳೆಗಾಲದಲ್ಲಿ ಸಿಹಿ, ಬೇಸಗೆಯಲ್ಲಿ ಉಪ್ಪು. ಶರಾವತಿಗೆ ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಬಂದಿತು. ವಿದ್ಯುತ್ತನ್ನು ಉತ್ಪಾದಿಸಿ ಹೊರಬಂದ ಸಿಹಿನೀರು ಬೇಸಗೆಯಲ್ಲಿಯೂ ಹೊನ್ನಾವರದ ಕಡೆಗೆ ಹರಿಯುತ್ತಿರುವುದರಿಂದ, ಅಲ್ಲಿ ಉಪ್ಪು ಏರಬೇಕಾದ ತಿಂಗಳಲ್ಲಿಯೂ ಏರುವುದಿಲ್ಲ.

ಪರಿಣಾಮವೇನು? ಬಳಚಿನ ಡಿಂಭಗಳು ಮೊದಲ ದಿನಗಳನ್ನು ಪ್ಲವಕಗಳಾಗಿ ಕಳೆದು ಆಮೇಲೆ ತಳದ ಮರಳಿನಲ್ಲಿ ನೆಲೆಸುತ್ತವೆ. ಅವಕ್ಕೆ ತಕ್ಕಷ್ಟು ಉಪ್ಪು ಬೇಕು. ಅಘನಾಶಿನಿಯಲ್ಲಿ ಬಳಚು ಆರಿಸುವ ಕೆಲಸ ಇಂದಿಗೂ ಅನೇಕ ಸಂಸಾರಗಳ ಅನ್ನವಾಗಿದೆ. ಶರಾವತಿಯಲ್ಲಿ ಅದು ಬಹುವಾಗಿ ಕುಗ್ಗಿಹೋಯಿತು. ಅಘನಾಶಿನಿಯ ಅಳಿವೆಯು ೨೦೨೪ರಲ್ಲಿ ರಾಮ್ಸಾರ್ ಒಪ್ಪಂದದ ಮೇರೆಗೆ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶವೆಂದು ಮನ್ನಣೆ ಪಡೆಯಿತು. ಇಲ್ಲಿ ಗಮನಿಸತಕ್ಕ ಅಂಶ ಇಷ್ಟು: ಶರಾವತಿಯ ಅಳಿವೆ ಕೆಟ್ಟದ್ದು ನೀರು ಕಡಮೆಯಾಗಿ ಅಲ್ಲ, ನೀರು ಬರಬಾರದ ಕಾಲದಲ್ಲಿ ಬಂದು. ಅಳಿವೆಗೆ ಎಷ್ಟು ನೀರು ಎಂಬುದರಷ್ಟೇ, ಯಾವಾಗ ಎಂಬುದೂ ಮುಖ್ಯ.

ಹದಿನಾಲ್ಕು ಟಿ.ಎಂ.ಸಿ.

ಕಾವೇರಿಯ ನೀರನ್ನು ಹಂಚುವಾಗ ಅಳಿವೆಯ ಹೆಸರು ಬಂದಿತೆ? ೨೦೦೭ರ ನ್ಯಾಯಾಧಿಕರಣದ ಐತೀರ್ಪು ಸಾಧಾರಣ ವರ್ಷದ ನೀರನ್ನು ೭೪೦ ಟಿ.ಎಂ.ಸಿ. ಎಂದು ಎಣಿಸಿತು. ೨೦೧೮ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಮಾರ್ಪಡಿಸಿ ತಮಿಳುನಾಡಿಗೆ ೪೦೪.೨೫, ಕರ್ನಾಟಕಕ್ಕೆ ೨೮೪.೭೫, ಕೇರಳಕ್ಕೆ ೩೦, ಪುದುಚೇರಿಗೆ ೭ ಟಿ.ಎಂ.ಸಿ. ಎಂದು ಗೊತ್ತುಮಾಡಿತು. ಕೂಡಿಸಿ ನೋಡಿದರೆ ೭೨೬ ಆಗುತ್ತದೆ. ಉಳಿದ ೧೪ರಲ್ಲಿ ೧೦ ಪರಿಸರದ ರಕ್ಷಣೆಗೆ, ೪ ತಡೆಯಲಾಗದೆ ಸಮುದ್ರಕ್ಕೆ ಹೋಗುವ ನೀರಿಗೆ. ಅಂದರೆ ನೂರು ಕೊಡದಲ್ಲಿ ಎರಡು ಕೊಡಕ್ಕೂ ಕಡಮೆ.

ಈ ಹಂಚಿಕೆ ಸರಿಯೋ ತಪ್ಪೋ ಎಂದು ತೀರ್ಪು ಕೊಡುವುದು ಭೌತವಿಜ್ಞಾನದ ಕೆಲಸವಲ್ಲ. ಕುಡಿಯುವ ನೀರಿಗೂ ಅನ್ನಕ್ಕೂ ಮೊದಲ ಸ್ಥಾನವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಲೆಕ್ಕದಲ್ಲಿ ಒಂದು ಬಾಬನ್ನು ಬಿಟ್ಟು ಕೂಡಿಸಿದರೆ ಮೊತ್ತ ತಪ್ಪಾಗುವುದೆಂದು ವಿಜ್ಞಾನವು ಹೇಳಬಲ್ಲದು. ಮುಖದ ಬಳಿ ಬಲೆ ಬೀಸುವ ಬೆಸ್ತನೂ ಮೇಲೆ ಗದ್ದೆ ನಾಟಿ ಮಾಡುವ ರೈತನೂ ಒಂದೇ ನದಿಯ ಒಕ್ಕಲುಗಳು. ಒಬ್ಬನ ಫಸಲು ಕಣ್ಣಿಗೆ ಕಾಣುತ್ತದೆ, ಇನ್ನೊಬ್ಬನದು ಸೂಕ್ಷ್ಮದರ್ಶಕದಲ್ಲಿ ಮೊಳೆಯುತ್ತದೆ.

ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಲು ಕಡಲ ತಡಿಗೆ ಹೋಗಬೇಕಾಗಿಲ್ಲ. ನಿಮ್ಮ ಊರಿನ ಕೆರೆಯ ಹತ್ತು ಕೊಡ ನೀರನ್ನು ತೆಳುವಾದ ಮಲ್ಲು ಬಟ್ಟೆಯಲ್ಲಿ ಸೋಸಿ, ಉಳಿದುದನ್ನು ಬಿಳಿಯ ಬಟ್ಟಲಿಗೆ ತೊಳೆದು, ಭೂತಗನ್ನಡಿಯಲ್ಲಿ ನೋಡಿ. ನೆಗೆನೆಗೆದು ಈಜುವ ನೀರುಚಿಗಟಗಳೂ ಕೋಪೆಪಾಡುಗಳೂ ಕಾಣುತ್ತವೆ. ತಿಂಗಳಿಗೊಮ್ಮೆ ಎಣಿಸಿ, ಪಕ್ಕದಲ್ಲಿ ಮಳೆಯ ಅಳತೆಯನ್ನೂ ಬರೆದಿಡಿ. ಎರಡು ಮೂರು ವರ್ಷಗಳಲ್ಲಿ ಮಳೆಯ ಗೆರೆಯೂ ಜೀವಿಗಳ ಗೆರೆಯೂ ಹೇಗೆ ಒಂದನ್ನೊಂದು ಹಿಂಬಾಲಿಸುತ್ತವೆ ಎಂಬುದು ನಿಮಗೇ ಗೋಚರಿಸುವುದು. ಹತ್ತು ವರ್ಷ ಬಿಡದೆ ಬರೆದ ಅಂತಹ ಒಂದು ಪುಸ್ತಕ ಯಾವ ಪ್ರಯೋಗಶಾಲೆಗೂ ಬೇಕಾದ ವಸ್ತುವೇ.